ಜೀನಗಾರ ಹೆಣೆದ ಅಂಚು

"ಗುರುಗಳೇ, ನನಗೊಬ್ಬನಿಗೆ ಬೇರೆ ಹೊತ್ತಿನಲ್ಲಿ, ಬೇರೆ ಕೋಣೆಯಲ್ಲಿ ಪಾಠ ಹೇಳಲು ಆಗುತ್ತದೆಯೇ?"

ಹೀಗೆ ಕೇಳಿದವನು ಮುರಿಗೆಪ್ಪ. ಮೂವತ್ತು ವರ್ಷ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದು, ನಿವೃತ್ತಿಯಾದ ಮೇಲೆ ಹಳಗನ್ನಡ ಓದಬೇಕೆಂದು ಮಠಕ್ಕೆ ಬಂದವನು. ಉಳಿದ ಶಿಷ್ಯರೆಲ್ಲ ಇಪ್ಪತ್ತು, ಇಪ್ಪತ್ತೆರಡರ ಪ್ರಾಯದವರು. ಮುರಿಗೆಪ್ಪ ಪದ್ಯ ಓದಲು ಎದ್ದರೆ ಪದವನ್ನು ಒಡೆಯಬೇಕಾದಲ್ಲಿ ಒಡೆಯದೆ, ಒಡೆಯಬಾರದ ಕಡೆ ಒಡೆದು, ಮುಂದಿನ ಸ್ಟಾಪಿನ ಹೆಸರು ಕೂಗಿದ ಹಾಗೆ ಓದುತ್ತಿದ್ದ. ಆ ದಿನ ಬೆಳಿಗ್ಗೆ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಅವನು ಪುಸ್ತಕ ಮಡಚಿ ಎದ್ದು ಬಂದಿದ್ದ. ಬೇರೆ ಪಾಠ ಆಗದಿದ್ದರೆ ಇವತ್ತೇ ಊರಿಗೆ ಹೋಗಿಬಿಡುತ್ತೇನೆ ಎಂದು ಗುರುಗಳಿಗೆ ಹೇಳಿಯೂ ಬಿಟ್ಟ.

ಗುರುಗಳು ಜಗಲಿಯ ಮೇಲೆ ಕೂತು ಹರಿದ ಶಾಲಿಗೆ ಹೊಲಿಗೆ ಹಾಕುತ್ತಿದ್ದರು. "ಕೂತುಕೋ," ಎಂದರು. "ನಿನ್ನ ಊರಿನ ಬಸ್ಸು ಎಷ್ಟು ಹೊತ್ತಿಗೆ ಎಂದು ನನಗಿಂತ ನಿನಗೇ ಚೆನ್ನಾಗಿ ಗೊತ್ತು. ಅದು ಬರುವವರೆಗೆ ಒಂದು ಕತೆ ಕೇಳು. ಹಿಡಿಸದಿದ್ದರೆ ಹತ್ತಿ ಹೋಗು."

ಮುರಿಗೆಪ್ಪ ಕೂತ. ಗುರುಗಳು ಹೇಳತೊಡಗಿದರು.

ತುರ್ಕರ ನಾಡಿನಲ್ಲಿ ಬೆಟ್ಟದ ಬುಡಕ್ಕೆ ಒಂದು ಪೇಟೆ. ಅಲ್ಲಿ ಒಬ್ಬ ಜೀನಗಾರ ಇದ್ದ. ಕುದುರೆ, ಕತ್ತೆ, ಹೇಸರಗತ್ತೆಗಳಿಗೆ ಜೀನು ಹೊಲಿಯುವುದು ಅವನ ಕಸುಬು. ಅವನ ಹೆಸರು ನನಗೆ ಮರೆತುಹೋಗಿದೆ. ಮಗಳ ಹೆಸರು ಗುಲಿಝಾರ್. ಹೆಂಡತಿ ತೀರಿಕೊಂಡು ಆರು ವರ್ಷವಾಗಿತ್ತು. ಮನೆಯಲ್ಲಿ ಅಪ್ಪ, ಮಗಳು ಇಬ್ಬರೇ.

ಆ ಊರಿನ ಹೆಂಗಸರು ತಲೆಗೆ ತೆಳುವಾದ ಹತ್ತಿಯ ವಸ್ತ್ರ ಕಟ್ಟುತ್ತಾರೆ. ಅದರ ಅಂಚಿಗೆ ರೇಷ್ಮೆ ದಾರದಿಂದ ಹೂವು, ಎಲೆ, ಕಾಯಿ ಕಟ್ಟುತ್ತಾರೆ. ನಾವು ಲೇಸು ಅನ್ನುತ್ತೇವಲ್ಲ, ಅಂಥದು. ಅವರು ಅದನ್ನು ಓಯಾ ಅನ್ನುತ್ತಾರೆ. ಒಂದು ಸೂಜಿ, ಒಂದು ಎಳೆ ದಾರ, ಇಷ್ಟೇ ಸಾಮಾನು. ಬಟ್ಟೆಯ ಅಂಚಿಗೆ ಸೂಜಿ ಚುಚ್ಚಿ, ಸೂಜಿಯ ಮೊನೆಗೆ ದಾರವನ್ನು ಎರಡು ಸುತ್ತು ಸುತ್ತಿ ಎಳೆದರೆ ಒಂದು ಗಂಟು. ಗಂಟಿಗೂ ಗಂಟಿಗೂ ನಡುವೆ ಒಂದು ಕುಣಿಕೆ. ಗಂಟು ಗಸಗಸೆ ಕಾಳಿಗಿಂತ ದಪ್ಪ ಇರಕೂಡದು. ಮೊದಲ ಸಾಲಿನ ಕುಣಿಕೆಗಳಿಗೆ ಎರಡನೆಯ ಸಾಲು, ಎರಡನೆಯದಕ್ಕೆ ಮೂರನೆಯದು, ಹೀಗೆ ಬಟ್ಟೆಯ ಆಸರೆಯನ್ನು ಬಿಟ್ಟು ಗಾಳಿಯಲ್ಲೇ ಕಟ್ಟುತ್ತ ಹೋಗಬೇಕು. ಒಂದು ವಸ್ತ್ರದ ನಾಲ್ಕು ಅಂಚು ಸುತ್ತಿ ಬರುವಷ್ಟರಲ್ಲಿ ಎಷ್ಟು ಸಾವಿರ ಗಂಟು ಆಗುತ್ತದೋ, ಎಣಿಸಿದವರಿಲ್ಲ.

ಹೊಸ ಸೊಸೆ ಅತ್ತೆಯ ಎದುರು ಬಾಯಿ ತೆರೆಯುವಂತಿರಲಿಲ್ಲ. ಹೇಳಬೇಕಾದದ್ದನ್ನು ಅಂಚಿನಿಂದ ಹೇಳುತ್ತಿದ್ದಳು. ಸುಖವಾಗಿದ್ದರೆ ಹೂವಿನ ಅಂಚು ಕಟ್ಟಿಕೊಳ್ಳುವಳು. ಗಂಡನ ಮೇಲೆ ಸಿಟ್ಟಿದ್ದರೆ ಮೆಣಸಿನಕಾಯಿ ಅಂಚು. ಮೆಣಸಿನಕಾಯಿ ಕಟ್ಟಿಕೊಂಡ ದಿನ ಮನೆಯವರೆಲ್ಲ ಅವಳನ್ನಲ್ಲ, ಗಂಡನನ್ನು ದುರುಗುಟ್ಟಿ ನೋಡುವರು. ಒಳ್ಳೆಯ ಪದ್ಧತಿ. ಅದೂ ಅಲ್ಲದೆ ಅಂಚು ನೋಡಿದರೆ ಸಾಕು, ಯಾವ ಹೆಂಗಸಿನ ಕೈ ಎಂದು ಆ ಊರಿನವರು ಹೇಳಿಬಿಡುತ್ತಿದ್ದರು. ಅಕ್ಷರ ನೋಡಿ ಕಾಗದ ಬರೆದವರು ಯಾರೆಂದು ನಾವು ಹೇಳುವುದಿಲ್ಲವೇ, ಹಾಗೆ.

ಮದುವೆಗೆ ಹೆಣ್ಣು ನಲವತ್ತು ವಸ್ತ್ರ ಒಯ್ಯಬೇಕು. ಮೂವತ್ತೊಂಬತ್ತನ್ನು ಅವಳೇ ಕಟ್ಟಬೇಕು. ನಲವತ್ತನೆಯದನ್ನು ಮಾತ್ರ ಅವಳು ಮುಟ್ಟುವಂತಿಲ್ಲ. ಅದು ತಾಯಿಯ ಕೆಲಸ. ಮದುವೆಯ ಬೆಳಿಗ್ಗೆ ಹುಡುಗಿ ಅದನ್ನೇ ತಲೆಗೆ ಕಟ್ಟಿಕೊಂಡು ಹೊಸ ಮನೆಯ ಹೊಸ್ತಿಲು ದಾಟಬೇಕು. ತಾಯಿ ಇಲ್ಲದ ಹುಡುಗಿಗೆ? ಸೋದರತ್ತೆ, ಚಿಕ್ಕಮ್ಮ, ನೆರೆಯವರು ಕಟ್ಟಿಕೊಡುವಂತಿಲ್ಲ. ಕಟ್ಟಬೇಕಾದರೆ ಹೆತ್ತ ಮನೆಯ ಕೈಯೇ ಕಟ್ಟಬೇಕು. ಇಲ್ಲವಾದರೆ ಅಂಚಿಲ್ಲದ ಬೋಳು ವಸ್ತ್ರ ಸುತ್ತಿಕೊಂಡೇ ಹೋಗಬೇಕು. ಹಾಗೆ ಬಂದವಳು ಗಂಡನ ಮನೆಯಲ್ಲಿ ಉಳಿದ ಸೊಸೆಯರಿಗಿಂತ ಕೆಳಗೆ ಕೂರಬೇಕು. ವಯಸ್ಸಿನಲ್ಲಿ ದೊಡ್ಡವಳಾದರೂ ಸರಿ, ಮೊದಲು ಬಂದವಳಾದರೂ ಸರಿ. ಕೊನೆಯವರೆಗೆ ಅದೇ ಜಾಗ.

ಗುಲಿಝಾರ್‌ಗೆ ಸಂಬಂಧ ಗೊತ್ತಾಗಿತ್ತು. ಗಂಡಿನ ತಾಯಿ ಊರಿನ ಓಯಾ ಕಟ್ಟುವವರಲ್ಲಿ ಎಲ್ಲರಿಗಿಂತ ಹಿರಿಯಳು. ಕೆಟ್ಟ ಹೆಂಗಸಲ್ಲ. ಆದರೆ ಕಡ್ಡಿ ಮುರಿದ ಹಾಗೆ ಮಾತಾಡುವವಳು. ಮದುವೆಗೆ ಇನ್ನೂ ಒಂದು ವರ್ಷವಿತ್ತು. ಗುಲಿಝಾರ್ ಮೂವತ್ತೊಂಬತ್ತು ಅಂಚು ಮುಗಿಸಿದಳು. ನಲವತ್ತನೆಯ ಬಿಳಿ ಬಟ್ಟೆಯನ್ನು ಮಡಿಸಿ ಪೆಟ್ಟಿಗೆಯ ತಳಕ್ಕೆ ಇಟ್ಟಳು. ನನಗೇನೂ ಬೇಸರವಿಲ್ಲ ಅಪ್ಪಾ, ಬೋಳು ವಸ್ತ್ರವಾದರೇನು, ತಲೆ ಮುಚ್ಚಿದರೆ ಸಾಕು ಎಂದಳು. ಹಾಗೆಂದವಳು ಮರುದಿನ ಆ ಬಟ್ಟೆಯನ್ನು ತೆಗೆದು ನೋಡಿ ಮತ್ತೆ ಇಟ್ಟದ್ದನ್ನು ಅಪ್ಪ ಕಂಡ. ಅದರ ಮರುದಿನವೂ ಕಂಡ.

ಹೆತ್ತ ಮನೆಯ ಕೈ ಅಂದರೆ ಯಾವುದು? ತಾಯಿಯ ಕೈಯೇ ಆಗಬೇಕೆಂದು ಪದ್ಧತಿ ಹೇಳುತ್ತದೆಯೇ? ಜೀನಗಾರ ಇದನ್ನು ಹಿಂದಕ್ಕೂ ಮುಂದಕ್ಕೂ ಯೋಚಿಸಿದ. ತಾಯಿ ಇರುವಾಗ ತಾಯಿ. ಇಲ್ಲದಾಗ ಆ ಮನೆಯಲ್ಲಿ ಉಳಿದಿರುವ ಕೈ. ಉಳಿದಿದ್ದವು ಅವನ ಎರಡು ಕೈ. ಅವು ತೊಗಲಿಗೆ ದಬ್ಬಣ ತೂರಿಸಿ ತೂರಿಸಿ ಕಾಯಿಗಟ್ಟಿದ್ದವು. ಬೆರಳುಗಳೋ ಬದನೆಕಾಯಿಯಂತೆ.

ಊರಿನಲ್ಲಿ ಕಲಿಸುವವರಿಗೆ ಬರವಿರಲಿಲ್ಲ. ಅವನ ತಂಗಿಯೇ ಇದ್ದಳು. ಪಕ್ಕದ ಮನೆಯವಳಿದ್ದಳು. ಕೇಳಿದ್ದರೆ ಯಾರೂ ಇಲ್ಲ ಎನ್ನುತ್ತಿರಲಿಲ್ಲ. ಆದರೆ ಅವನಿಗೆ ನಗುವಿನ ಭಯ. ಆ ಊರಿನಲ್ಲಿ ಗಂಡಸು ಓಯಾ ಸೂಜಿ ಹಿಡಿದದ್ದನ್ನು ಯಾರೂ ಕಂಡವರಲ್ಲ. ಕಾಫಿ ಅಂಗಡಿಯಲ್ಲಿ ಕೂತ ಗೆಳೆಯರು ಏನೆನ್ನುತ್ತಾರೆ, ಜೀನು ಕೊಳ್ಳಲು ಬಂದ ಹೇಸರಗತ್ತೆಯವರು ಏನೆನ್ನುತ್ತಾರೆ ಎಂದು ನೆನೆದರೇ ಅವನ ಕಿವಿ ಕೆಂಪಾಗುತ್ತಿತ್ತು. ಮುರಿಗೆಪ್ಪ, ಅವನು ಯುದ್ಧಕ್ಕೆ ಹೋಗಿ ಬಂದವನು. ಗುಂಡಿಗೆ ಹೆದರದವನು ನಗುವಿಗೆ ಹೆದರಿದ. ನಿನಗೆ ಇದು ವಿಚಿತ್ರ ಅನ್ನಿಸಲಾರದು.

ಬೆಟ್ಟದ ಕಣಿವೆ ದಾಟಿದರೆ ಆಚೆಗೊಂದು ಹಳ್ಳಿ. ಗುರುವಾರಕ್ಕೊಮ್ಮೆ ಅವನು ಜೀನು ದುರಸ್ತಿಗೆ ಅಲ್ಲಿಗೆ ಹೋಗುತ್ತಿದ್ದ. ಅಲ್ಲಿ ಒಬ್ಬ ಮುದುಕಿ ಇದ್ದಳು. ಹಲ್ಲಿಲ್ಲ, ಒಂದು ಕಿವಿ ಕೇಳುವುದಿಲ್ಲ, ಕಣ್ಣು ಮಾತ್ರ ಹದ್ದಿನದು. ಅವಳು ಓಯಾ ಕಟ್ಟುವುದನ್ನು ಅವನು ಕಂಡಿದ್ದ. ಒಂದು ಗುರುವಾರ ಅವಳ ಕತ್ತೆಯ ಜೀನು ಹೊಲಿದುಕೊಟ್ಟು, ಕೂಲಿ ಬೇಡ, ಇದನ್ನು ಕಲಿಸಿಕೊಡು ಎಂದು ಕೇಳಿದ. ಯಾರಿಗೂ ಹೇಳಬೇಡ ಎಂದೂ ಸೇರಿಸಿದ. ನನಗೆ ಮಾತಾಡಲು ಇಲ್ಲಿ ಈ ಕತ್ತೆ ಬಿಟ್ಟರೆ ಇನ್ನಾರಿದ್ದಾರೆ, ಕೂತುಕೋ ಎಂದಳು ಮುದುಕಿ.

ಒಂದು ತಿಂಗಳು ಅವಳು ಅವನಿಂದ ಬರೀ ಬೇರಿನ ಸಾಲು ಕಟ್ಟಿಸಿದಳು. ಬಟ್ಟೆಗೆ ಅಂಟಿಕೊಂಡ ಮೊದಲ ಸಾಲಿಗೆ ಅವರು ಬೇರು ಅನ್ನುತ್ತಾರೆ. ಅದರ ಕುಣಿಕೆಗಳು ಒಂದಕ್ಕೊಂದು ಸಮ ಇಲ್ಲದಿದ್ದರೆ ಮೇಲಿನ ಹೂವೆಲ್ಲ ಸೊಟ್ಟ. ಎರಡನೆಯ ತಿಂಗಳು ಮುಕ್ಕೋನ. ಐದು ಕುಣಿಕೆ, ಅದರ ಮೇಲೆ ನಾಲ್ಕು, ಮೂರು, ಎರಡು, ಒಂದು. ತುದಿಗೆ ಬಂದ ಮೇಲೆ ದಾರವನ್ನು ಬದಿಯಿಂದ ಇಳಿಸಿ ಮತ್ತೆ ಮೊದಲಿನಿಂದ. ಮೂರನೆಯ ತಿಂಗಳು ಬಾದಾಮಿ ಹೂವು. ಅವರ ಕಡೆ ಚಳಿಗಾಲ ಮುಗಿಯುವ ಮೊದಲೇ ಧೈರ್ಯ ಮಾಡಿ ಅರಳುವ ಹೂವು ಅದು. ಮಗಳಿಗೆ ಅದೇ ಆಗಬೇಕೆಂದು ಅವನು ನಿರ್ಧರಿಸಿದ.

ಆಮೇಲೆ ತನ್ನ ಅಂಗಡಿಯಲ್ಲಿ ನಲವತ್ತನೆಯ ವಸ್ತ್ರಕ್ಕೆ ಕೈ ಹಚ್ಚಿದ. ಪೆಟ್ಟಿಗೆಯಿಂದ ಬಿಳಿ ಬಟ್ಟೆ ತೆಗೆದು, ಅದರ ಜಾಗದಲ್ಲಿ ಅಂಥದೇ ಇನ್ನೊಂದನ್ನು ಮಡಿಸಿಟ್ಟ. ಮಧ್ಯಾಹ್ನ ಊಟವಾದ ಮೇಲೆ ಪೇಟೆ ಮಲಗುವ ಹೊತ್ತಿಗೆ ಅಂಗಡಿಯ ಬಾಗಿಲು ಹಾಕಿ ಅಗುಳಿ ಜಡಿಯುವನು. ಕೇಳಿದವರಿಗೆ, ದೊಡ್ಡ ಅಧಿಕಾರಿಯೊಬ್ಬರಿಗೆ ಬೆಳ್ಳಿ ತಂತಿಯ ಜೀನು ಹೊಲಿಯುತ್ತಿದ್ದೇನೆ, ಯಾರೂ ನೋಡಬಾರದು ಎಂದು ಸುಳ್ಳು ಹೇಳಿದ. ಬೆರಳ ತುದಿಯ ಗಾಯಗಳನ್ನು ನೋಡಿ ಮಗಳು ಕೇಳಿದರೆ ದಬ್ಬಣ ತಾಕಿತು ಎಂದ. ಇಪ್ಪತ್ತೈದು ವರ್ಷ ತಾಕದ ದಬ್ಬಣ ಈಗ ಯಾಕೆ ತಾಕುತ್ತದೆ ಎಂದು ಅವಳು ಕೇಳಲಿಲ್ಲ.

ಹಗಲು ಚಿಕ್ಕದಾಗುವ ಹೊತ್ತಿಗೆ ನಾಲ್ಕು ಅಂಚೂ ಮುಗಿದವು. ಅವನು ಬಟ್ಟೆಯನ್ನು ಮಣೆಯ ಮೇಲೆ ಹರಡಿದ. ಹರಡಿಕೊಳ್ಳಲಿಲ್ಲ. ಅಂಚೆಲ್ಲ ಮುದುರಿಕೊಂಡು, ದಾರ ಎಳೆದ ಚೀಲದ ಬಾಯಿಯ ಹಾಗಾಗಿತ್ತು. ಹೂವುಗಳು ಒಂದರ ಮೇಲೊಂದು ಬಿದ್ದಿದ್ದವು. ಎಲ್ಲಿ ತಪ್ಪಿತೆಂದು ಅವನಿಗೆ ತಿಳಿಯಲಿಲ್ಲ. ಎಣಿಕೆ ಸರಿಯಿತ್ತು, ಗಂಟು ಸರಿಯಿತ್ತು.

ಗುರುವಾರ ಅದನ್ನು ಅಂಗಿಯೊಳಗೆ ಅವಿತಿಟ್ಟುಕೊಂಡು ಕಣಿವೆ ದಾಟಿದ. ಆ ವರ್ಷ ಹಿಮ ಬೀಳುವ ಮೊದಲು ಅದೇ ಕೊನೆಯ ಗುರುವಾರ. ಮುದುಕಿ ಬಟ್ಟೆ ಹಿಡಿದು, ಒಂದು ಕುಣಿಕೆಗೆ ಸೂಜಿ ತೂರಿಸಲು ನೋಡಿದಳು. ಸೂಜಿ ಹೋಗಲೇ ಇಲ್ಲ.

"ಮಗನೇ, ಇದು ಕತ್ತೆಯ ಹೊಟ್ಟೆಯಲ್ಲ, ನೀನು ಪಟ್ಟಿ ಬಿಗಿಯುವುದಕ್ಕೆ," ಎಂದಳು. "ಗಂಟು ಬಿಗಿಯಾಗಿರಲಿ, ಅದು ನಿನ್ನ ಕೈಯ ಗುಣ, ಬಿಡಬೇಡ. ಕುಣಿಕೆ ಮಾತ್ರ ಉಸಿರಾಡಲಿ."

ಹೊಲಿಗೆ ಅಂದರೆ ಇದ್ದ ಶಕ್ತಿಯನ್ನೆಲ್ಲ ಹಾಕಿ ಎಳೆಯುವುದು ಎಂದೇ ಅವನು ತಿಳಿದಿದ್ದ. ಜೀನಿನ ಹೊಲಿಗೆ ಸಡಿಲಾದರೆ ಸವಾರ ಕಂದಕಕ್ಕೆ ಬೀಳುತ್ತಾನೆ. ಹಾಗಾಗಿ ಎಂದೂ ಸಡಿಲ ಬಿಟ್ಟವನಲ್ಲ. ಗಂಟು ಎಳೆದ ಮೇಲೆ ಅಭ್ಯಾಸಬಲದಿಂದ ಇನ್ನೊಮ್ಮೆ ಎಳೆಯುತ್ತಿದ್ದ. ಆ ಎರಡನೆಯ ಎಳೆತಕ್ಕೆ ಕುಣಿಕೆಯೆಲ್ಲ ಸತ್ತುಹೋಗುತ್ತಿತ್ತು. ಬೇರೆ ಯಾರೂ ಮಾಡಲಾರದ ತಪ್ಪು. ಜೀನಗಾರನೇ ಮಾಡಬೇಕು.

ಬಿಚ್ಚಿ ಸರಿಮಾಡಬಹುದೇ ಎಂದು ಕೇಳಿದ. ಓಯಾ ಬಿಚ್ಚಲು ಬರುವುದಿಲ್ಲ. ಒಂದೊಂದು ಗಂಟೂ ತನ್ನಷ್ಟಕ್ಕೆ ಬೀಗ ಹಾಕಿಕೊಂಡಿರುತ್ತದೆ. ಮುದುಕಿ ಕತ್ತರಿಯನ್ನು ಮುಂದೆ ಇಟ್ಟಳು. ಅವನು ಅದನ್ನು ನೋಡುತ್ತ ಬಹಳ ಹೊತ್ತು ಕೂತ. ನಾಲ್ಕು ತಿಂಗಳ ಮಧ್ಯಾಹ್ನಗಳು ಆ ಅಂಚಿನಲ್ಲಿದ್ದವು. ಕೊನೆಗೆ ತಾನೇ ಕತ್ತರಿಸಿದ. ಬಾದಾಮಿ ಹೂವೆಲ್ಲ ನೆಲಕ್ಕೆ ಉದುರಿದವು. ಅವನು ಅತ್ತ. ಮುದುಕಿಗೆ ಒಂದು ಕಿವಿ ಕೇಳುತ್ತಿರಲಿಲ್ಲವಲ್ಲ, ಆ ಕಡೆಯ ಕಿವಿಯನ್ನು ಅವನತ್ತ ತಿರುಗಿಸಿ ಕೂತಳು. ದೊಡ್ಡ ಮನಸ್ಸಿನ ಹೆಂಗಸು.

ಅವನು ಊರಿಗೆ ಮರಳಿದ ಮೂರನೆಯ ದಿನ ಕಣಿವೆ ಹಿಮದಿಂದ ಮುಚ್ಚಿಹೋಯಿತು. ಇನ್ನು ಆಚೆಯವರು ಈಚೆ ಬರುವಂತಿಲ್ಲ, ಈಚೆಯವರು ಆಚೆ ಹೋಗುವಂತಿಲ್ಲ. ಮದುವೆಗೆ ಉಳಿದದ್ದು ನಾಲ್ಕೇ ತಿಂಗಳು. ಮತ್ತೆ ಬೇರಿನ ಸಾಲಿನಿಂದ ಶುರುಮಾಡಿದ. ಈ ಸಲ ಗಂಟು ಎಳೆದ ಕೂಡಲೇ ಕೈ ಬಿಡುವುದನ್ನು ರೂಢಿ ಮಾಡಿಕೊಂಡ. ಎಳೆಯುವುದು ಕಷ್ಟವಾಗಿರಲಿಲ್ಲ, ಬಿಡುವುದು ಕಷ್ಟವಾಯಿತು. ಮೊದಮೊದಲು ಪ್ರತಿ ಗಂಟಿಗೂ, ಬಿಡು, ಬಿಡು ಎಂದು ತನ್ನ ಕೈಗೆ ತಾನೇ ಹೇಳಿಕೊಳ್ಳುತ್ತಿದ್ದ. ಎರಡನೆಯ ಅಂಚಿಗೆ ಬರುವಷ್ಟರಲ್ಲಿ ಹೇಳಬೇಕಾಗಲಿಲ್ಲ. ನಾಲ್ಕನೆಯ ಅಂಚು ಮುಗಿಸಿ ಬಟ್ಟೆ ಹರಡಿದ. ಹರಡಿಕೊಂಡಿತು. ಎಲ್ಲಿಯೂ ಒಂದು ಸುಕ್ಕಿಲ್ಲ. ಹೂವುಗಳು ಅಂಚಿನ ಉದ್ದಕ್ಕೂ ನೆಟ್ಟಗೆ ನಿಂತಿದ್ದವು. ಅವನು ಬಾಗಿಲು ಹಾಕಿದ ಅಂಗಡಿಯಲ್ಲಿ ಒಬ್ಬನೇ ಎದ್ದುನಿಂತು ಮೀಸೆ ತಿರುವಿದ. ಅದನ್ನು ಕಂಡವರೂ ಯಾರಿಲ್ಲ.

ಅದನ್ನು ಮಡಿಸಿ ಮಗಳ ಪೆಟ್ಟಿಗೆಯ ತಳದಲ್ಲಿ ಇಟ್ಟ. ಬೋಳು ಬಟ್ಟೆಯನ್ನು ತೆಗೆದುಬಿಟ್ಟ. ಯಾರಿಗೂ ಹೇಳಲಿಲ್ಲ. ಮದುವೆಯ ದಿನ ತಾನೇ ಎಲ್ಲರಿಗೂ ಗೊತ್ತಾಗುತ್ತದೆ, ಯಾರು ಕಟ್ಟಿದರೆಂದು ಕೇಳಿದರೆ ಹೇಗೋ ಸಾಗಹಾಕಿದರಾಯಿತು ಎಂದುಕೊಂಡ. ಕೆಲಸದಲ್ಲಿ ಅಷ್ಟು ಜಾಣನಾದವನು ಇಲ್ಲಿ ಪೆದ್ದನಾದ.

ಮದುವೆಗೆ ಒಂದು ದಿನ ಮುಂಚೆ ಹೆಣ್ಣಿನ ಮನೆಯಲ್ಲಿ ಹಗ್ಗ ಕಟ್ಟಿ ನಲವತ್ತು ವಸ್ತ್ರಗಳನ್ನೂ ತೂಗುಹಾಕುತ್ತಾರೆ. ಊರ ಹೆಂಗಸರೆಲ್ಲ ಬಂದು ನೋಡುತ್ತಾರೆ. ಗಂಡಸರು ಅಂಗಳದಲ್ಲೇ ಇರಬೇಕು, ಆ ಕೋಣೆಗೆ ಕಾಲಿಡುವಂತಿಲ್ಲ. ಪೆಟ್ಟಿಗೆ ತೆರೆದು ಒಂದೊಂದಾಗಿ ತೂಗುಹಾಕುತ್ತಿದ್ದವಳು ಜೀನಗಾರನ ತಂಗಿ. ಕೊನೆಯದನ್ನು ಬಿಡಿಸಿದವಳೇ ಹಾಗೆಯೇ ನಿಂತುಬಿಟ್ಟಳು. ಬೋಳು ಬಟ್ಟೆ ಇರಬೇಕಾದಲ್ಲಿ ಬಾದಾಮಿ ಹೂವಿನ ಅಂಚು. ಗುಲಿಝಾರ್ ಕೈಯಿಂದ ಬಾಯಿ ಮುಚ್ಚಿಕೊಂಡಳು.

ಬೀಗಿತ್ತಿ ಎದ್ದು ಬಂದಳು. ಅಂಚನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಮಗುಚಿ ಹಿಂಬದಿ ನೋಡಿದಳು. ಒಂದು ಬಟ್ಟಲು ನೀರು ತರಿಸಿ ಮೂಲೆಯ ಹೂವನ್ನು ಅದರಲ್ಲಿ ಅದ್ದಿದಳು. ಕೈ ಪಳಗದವರು ಹೂವನ್ನು ಸಕ್ಕರೆ ನೀರಿನಲ್ಲಿ ಅದ್ದಿ ಒಣಗಿಸಿ, ಗಟ್ಟಿಯಾಗಿ ನಿಲ್ಲುವಂತೆ ಮಾಡುತ್ತಾರೆ. ನೀರು ತಾಕಿದರೆ ಅಂಥ ಹೂವು ಜೋಲು ಬೀಳುತ್ತದೆ. ಇದು ಬೀಳಲಿಲ್ಲ. ಇಂಥ ಗಂಟನ್ನು ನಮ್ಮತ್ತೆಯ ಕಾಲ ಕಳೆದ ಮೇಲೆ ನಾನು ಕಂಡಿಲ್ಲ ಎಂದಳು ಬೀಗಿತ್ತಿ. ಸುತ್ತಲಿದ್ದವರು ಒಬ್ಬರನ್ನೊಬ್ಬರು ನೋಡಿದರು. ಅವಳ ಬಾಯಿಂದ ಹೊಗಳಿಕೆ ಬಂದದ್ದು ಅವರಿಗೆ ಹೊಸತು.

ಆಮೇಲೆ ಅವಳು ಕೇಳಿದಳು, "ಇದು ಯಾರ ಕೈ?"

ಜೀನಗಾರನ ತಂಗಿ ನನ್ನದಲ್ಲ ಎಂದಳು. ಪಕ್ಕದ ಮನೆಯವಳು ನನ್ನದಲ್ಲ ಎಂದಳು. ವಸ್ತ್ರ ಕೈಯಿಂದ ಕೈಗೆ ಹೋಗಿ ಕೋಣೆಯನ್ನೆಲ್ಲ ಸುತ್ತಿ ಬಂತು. ಇಡೀ ಊರಿನ ಕೈಗಳನ್ನು ಬಲ್ಲ ಹೆಂಗಸರು ಅವರು. ಆ ಕೈ ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಒಬ್ಬಳು, ಹೊರಗಿನ ಪೇಟೆಯಿಂದ ಕೊಂಡು ತಂದಿರಬೇಕು ಎಂದಳು. ಇನ್ನೊಬ್ಬಳಿಗೆ ಬೇರೆಯೇ ನೆನಪಾಯಿತು. ವರ್ಷವಿಡೀ ಮಧ್ಯಾಹ್ನ ಜೀನಗಾರನ ಅಂಗಡಿಯ ಬಾಗಿಲು ಹಾಕಿರುತ್ತಿತ್ತಲ್ಲ, ಒಳಗಿನಿಂದ ಅಗುಳಿ. ಬೆಳ್ಳಿ ತಂತಿಯ ಜೀನು ಅಂದನಲ್ಲ, ಆ ಜೀನನ್ನು ಯಾರಾದರೂ ಕಂಡಿದ್ದೀರಾ? ಕಂಡವರಿರಲಿಲ್ಲ. ಹಾಗಾದರೆ ಒಳಗೆ ಇದ್ದವಳು ಯಾರು? ಮಾತು ಅಲ್ಲಿಗೆ ಬಂದು ಮುಟ್ಟಿತು. ನೋಡು ಮುರಿಗೆಪ್ಪ, ಹಾಕಿದ ಬಾಗಿಲಿನ ಹಿಂದೆ ಇಲ್ಲದವರನ್ನೂ ಜನ ಕೂರಿಸುತ್ತಾರೆ.

ಬೀಗಿತ್ತಿಯ ಮುಖ ಗಂಟಿಕ್ಕಿತು. ಬೋಳು ವಸ್ತ್ರ ಸುತ್ತಿಕೊಂಡು ಬಂದಿದ್ದರೆ ನಾನು ಬೇಡ ಎನ್ನುತ್ತಿರಲಿಲ್ಲ, ಸುಳ್ಳು ಅಂಚು ಕಟ್ಟಿಕೊಂಡ ಹುಡುಗಿಯನ್ನು ಮನೆಗೆ ಕರೆದುಕೊಳ್ಳಲಾರೆ ಎಂದಳು. ಶಾಲು ಹೊದ್ದು ಹೊರಡಲು ಎದ್ದಳು. ಅತ್ತೆಯಾಗುವವಳ ಎದುರು ಗುಲಿಝಾರ್ ಮಾತಾಡುವಂತಿರಲಿಲ್ಲ. ಮಾತಾಡಬಹುದಾಗಿದ್ದರೂ ಅವಳಿಗೆ ಹೇಳಲು ಏನೂ ಗೊತ್ತಿರಲಿಲ್ಲ. ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

ಅಂಗಳದಲ್ಲಿ ಗಂಡಸರಿಗೆ ಕಾಫಿ ಕೊಡುತ್ತಿದ್ದ ಜೀನಗಾರನಿಗೆ ಕಿಟಕಿಯಿಂದ ಎಲ್ಲವೂ ಕೇಳಿತು. ಅವನ ಸುತ್ತ ಗಂಡಸರೆಲ್ಲ ಇದ್ದರು. ಕಾಫಿ ಅಂಗಡಿಯ ಗೆಳೆಯರು, ಹೇಸರಗತ್ತೆಯವರು, ಬೀಗ, ಅಳಿಯನಾಗುವವನು. ಒಂದು ವರ್ಷ ಯಾರಿಂದ ಅಡಗಿಸಿಟ್ಟಿದ್ದನೋ ಅವರೆಲ್ಲ ಒಂದೇ ಕಡೆ ಕೂತಿದ್ದರು. ಅವನು ಕಾಫಿಯ ತಟ್ಟೆಯನ್ನು ಕೆಳಗಿಟ್ಟ. ಕೋಣೆಯ ಬಾಗಿಲಿಗೆ ನಡೆದ. ಒಳಗೆ ಹೋಗುವಂತಿಲ್ಲ, ಹೊರಗೆ ನಿಂತರೆ ಪ್ರಯೋಜನವಿಲ್ಲ. ಹೊಸ್ತಿಲ ಮೇಲೆ ಕೂತ.

"ತಾಯೀ, ಅದು ನನ್ನ ಕೈ," ಎಂದ.

ಬೀಗಿತ್ತಿ ಅವನ ಬೆರಳುಗಳನ್ನು ನೋಡಿದಳು. ನಂಬಲಿಲ್ಲ. ಆದರೆ ನ್ಯಾಯದ ಹೆಂಗಸು. ತನ್ನ ತಲೆಯ ವಸ್ತ್ರವನ್ನೇ ಬಿಚ್ಚಿ, ಮೇಲೆ ಶಾಲು ಎಳೆದುಕೊಂಡಳು. ಅದರ ಒಂದು ಮೂಲೆಯಲ್ಲಿ ಹಳೆಯ ಹೂವು ಕಿತ್ತುಹೋಗಿ ಅಂಚು ಬರಿದಾಗಿತ್ತು. ಆ ಮೂಲೆಯನ್ನೂ, ದಾರ ಪೋಣಿಸಿದ ಸೂಜಿಯನ್ನೂ ಅವನ ಮುಂದೆ ಹಿಡಿದಳು.

"ಹಾಗಾದರೆ ಇಲ್ಲಿ ಕಟ್ಟು," ಎಂದಳು.

ಅವನು ಕಟ್ಟತೊಡಗಿದ. ಬೆನ್ನ ಹಿಂದೆ ಅಂಗಳದ ಗಂಡಸರು, ಕಣ್ಣ ಮುಂದೆ ಕೋಣೆಯ ಹೆಂಗಸರು. ಮೊದಲ ಗಂಟು. ದಾರ ಸುತ್ತಿದ, ಎಳೆದ, ಬಿಟ್ಟ. ಎರಡನೆಯ ಗಂಟು. ಸುತ್ತಿದ, ಎಳೆದ, ಬಿಟ್ಟ. ಬೇರಿನ ಸಾಲು ಮುಗಿಸಿದ. ಐದು ಕುಣಿಕೆ, ನಾಲ್ಕು, ಮೂರು. ಒಂದು ಎಸಳು ಎದ್ದುನಿಂತಿತು. ಆಮೇಲೆ ಎರಡನೆಯ ಎಸಳು, ಮೂರನೆಯದು. ಅವನ ದೊಡ್ಡ ಬೆರಳುಗಳ ನಡುವೆ ಸೂಜಿ ಕಾಣುತ್ತಲೇ ಇರಲಿಲ್ಲ. ಹೂವು ಮಾತ್ರ ಬೆಳೆಯುತ್ತ ಬರುವುದು ಕಾಣುತ್ತಿತ್ತು. ಬೀಗಿತ್ತಿ ಬಗ್ಗಿ ನೋಡುತ್ತಿದ್ದವಳು ಅವನೆದುರು ನೆಲದ ಮೇಲೇ ಕೂತುಬಿಟ್ಟಳು. ಐದನೆಯ ಎಸಳು ಮುಗಿದ ಮೇಲೆ ಅವನು ಹಲ್ಲಿನಿಂದ ದಾರ ಕಡಿದು ವಸ್ತ್ರವನ್ನು ಅವಳಿಗೆ ಕೊಟ್ಟ.

ಅವಳು ಆ ಹೂವನ್ನು ನಲವತ್ತನೆಯ ವಸ್ತ್ರದ ಹೂವಿನ ಪಕ್ಕ ಇಟ್ಟಳು. ಒಂದೇ ಕೈ. ಅಲ್ಲಿದ್ದ ಯಾರಿಗೂ ಇನ್ನು ಕೇಳಬೇಕಾದದ್ದು ಉಳಿಯಲಿಲ್ಲ. ಅವಳು ತನ್ನ ವಸ್ತ್ರವನ್ನು ಮತ್ತೆ ತಲೆಗೆ ಕಟ್ಟಿಕೊಂಡಳು. ಜೀನಗಾರ ಕಟ್ಟಿದ ಹೂವು ಹಣೆಯ ಮೇಲೆ ಬರುವಂತೆ ತಿರುಗಿಸಿ ಕಟ್ಟಿಕೊಂಡಳು. ಆಮೇಲೆ ಗುಲಿಝಾರ್‌ಳ ಕೈ ಹಿಡಿದು ಎಬ್ಬಿಸಿ, ತನ್ನ ಇಬ್ಬರು ಸೊಸೆಯರನ್ನು ಸರಿಯಲು ಹೇಳಿ, ತನ್ನ ಬಲಗಡೆಗೆ ಕೂರಿಸಿಕೊಂಡಳು. ತಾಯಿಯ ಕೈಯಿಂದ ಅಂಚು ಪಡೆದು ಬಂದವರು ನೀವೆಲ್ಲ, ಇವಳು ತಂದೆಯ ಕೈಯಿಂದ ಪಡೆದವಳು, ನಿಮಗಿಂತ ಕೆಳಗೆ ಹೇಗೆ ಕೂತಾಳು ಎಂದು ಅವರನ್ನೇ ಕೇಳಿದಳು.

ಆದರೆ ಗುಲಿಝಾರ್ ಅಲ್ಲಿ ಹೆಚ್ಚು ಹೊತ್ತು ಕೂರಲಿಲ್ಲ. ಎದ್ದು ಹೊಸ್ತಿಲಿಗೆ ಬಂದಳು. ಅಪ್ಪನ ಎರಡು ಕೈಗಳನ್ನೂ ಹಿಡಿದು ಬೆರಳ ತುದಿಗಳನ್ನು ಒಂದೊಂದಾಗಿ ನೋಡಿದಳು. ದಬ್ಬಣ ತಾಕಿದ್ದು ಯಾವುದು, ಸೂಜಿ ತಾಕಿದ್ದು ಯಾವುದು ಎಂದು ಈಗ ಅವಳಿಗೆ ತಿಳಿಯಿತು. ಪದ್ಧತಿಯನ್ನು ಗಾಳಿಗೆ ತೂರಿ, ಎಲ್ಲರೆದುರು ಅಪ್ಪಾ ಎಂದು ಕರೆದಳು. ಅಂಗಳದಲ್ಲಿದ್ದ ಹೇಸರಗತ್ತೆಯವನೊಬ್ಬ ತನ್ನ ಮಗಳಿಗೂ ಮದುವೆ ಇದೆ ಎಂದು ಪಕ್ಕದವನಿಗೆ ಹೇಳುತ್ತಿದ್ದ. ಜೀನಗಾರ ಕಣ್ಣು ಒರೆಸಿಕೊಂಡು, ಮೀಸೆ ತಿರುವಿಕೊಂಡು, ಆರಿದ ಕಾಫಿಯನ್ನು ಬಿಸಿಮಾಡಲು ಹೋದ. ಮರುದಿನ ಬೆಳಿಗ್ಗೆ ಗುಲಿಝಾರ್ ಬಾದಾಮಿ ಹೂವಿನ ಅಂಚು ಕಟ್ಟಿಕೊಂಡು ಗಂಡನ ಮನೆಯ ಹೊಸ್ತಿಲು ದಾಟಿದಳು.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು. ಮುರಿಗೆಪ್ಪ ಎದ್ದು ಹೋಗಲಿಲ್ಲ. ಅವನ ಮನಸ್ಸು ಆ ಹೊಸ್ತಿಲ ಹತ್ತಿರವೇ ಸುಳಿಯುತ್ತಿತ್ತು. ಕೊನೆಗೆ ತಡೆಯಲಾರದೆ ಕೇಳಿದ.

"ಗುರುಗಳೇ, ಅವನು ಅಲ್ಲಿ ಕೂತು ಕಟ್ಟುವಾಗ, ಹಿಂದೆ ಮುಂದೆ ಅಷ್ಟು ಜನ ಇದ್ದರಲ್ಲ, ಅವರು ಯಾರೂ ನಗಲಿಲ್ಲವೇ?"

ಗುರುಗಳು ಶಾಲಿಗೆ ಹಾಕಿದ ಹೊಲಿಗೆಯನ್ನು ಎಳೆದು ನೋಡಿದರು.

"ನಕ್ಕರು, ಮೊದಲ ಗಂಟಿನಿಂದ ಐದನೆಯ ಎಸಳಿನವರೆಗೂ ನಕ್ಕರು, ಕೆಲಸ ಹಿಡಿದ ಕೈಗೆ ಕಿವಿ ಇರುವುದಿಲ್ಲವಲ್ಲ, ಅದಕ್ಕೇ ನಾನೂ ಹೇಳಲು ಮರೆತೆ."

ಮುರಿಗೆಪ್ಪ ಬೆಳಿಗ್ಗೆ ಮಡಚಿದ್ದ ಪುಸ್ತಕವನ್ನು ಕೈಗೆತ್ತಿಕೊಂಡು ಉಳಿದ ಶಿಷ್ಯರಿದ್ದ ಕೋಣೆಗೆ ಹೋದ.